ತರಬೇತಿ ಮೊದಲು ಬೇಕಿರುವುದು ಡೆಸ್ಕ್‌ಗೆ

ಚುನಾವಣೆ ಹತ್ತಿರ ಬಂದಾಗ ಪತ್ರಕರ್ತರಿಗೆ ಲಿಂಗಸೂಕ್ಷ್ಮ ವರದಿಗಾರಿಕೆಯ, ಅಂದರೆ ಹೆಣ್ಣು ಗಂಡು ಇಬ್ಬರನ್ನೂ ಒಂದೇ ಅಳತೆಯಲ್ಲಿ ನೋಡಿ ಬರೆಯುವುದರ, ಕಾರ್ಯಾಗಾರಗಳು ಶುರುವಾಗುತ್ತವೆ. ಕೆಲವಕ್ಕೆ ಕೇಳುವವಳಾಗಿ ಹೋಗಿದ್ದೇನೆ, ಕೆಲವಕ್ಕೆ ಹೇಳುವವಳಾಗಿ. ಹೆಚ್ಚು ಕಡಿಮೆ ಎಲ್ಲ ಕಡೆ ಕಂಡದ್ದು ಒಂದೇ. ಬಂದು ಕೂತಿರುವವರು ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದ ವರದಿಗಾರರು. ಅವರಲ್ಲೂ ಹುಡುಗಿಯರೇ ಜಾಸ್ತಿ. ಹೆಡ್‌ಲೈನ್ ಕೊಡುವವರು, ಪುಟ ಕಟ್ಟುವವರು, ಯಾವ ಸುದ್ದಿ ಮುಖಪುಟಕ್ಕೆ ಹೋಗಬೇಕು ಅಂತ ತೀರ್ಮಾನಿಸುವವರು, ಅಂದರೆ ಪತ್ರಿಕೆಯ ಡೆಸ್ಕ್‌ನವರು, ಅಲ್ಲಿ ಇರುವುದಿಲ್ಲ. ಚುನಾವಣೆ ಸಮಯದಲ್ಲಿ ಡೆಸ್ಕ್ ಬಿಟ್ಟು ಬರಲು ಆಗುವುದಿಲ್ಲ ಅನ್ನುತ್ತಾರೆ. ನನ್ನ ತಕರಾರು ಇಲ್ಲಿಂದಲೇ ಶುರು.

ನಾನು ಡೆಸ್ಕ್‌ನಲ್ಲಿದ್ದ ದಿನಗಳ ಒಂದು ತಪ್ಪನ್ನು ಹೇಳುತ್ತೇನೆ. ಒಬ್ಬ ಅಭ್ಯರ್ಥಿಯ ಪ್ರಚಾರದ ವರದಿ ಬಂದಿತ್ತು. ಆಕೆ ಮಾತಾಡಿದ್ದು ಡಾಕ್ಟರೇ ಇಲ್ಲದ ಆಸ್ಪತ್ರೆಯ ಬಗ್ಗೆ, ಕುಡಿಯುವ ನೀರಿನ ಬಗ್ಗೆ. ತೀರಿಕೊಂಡ ಗಂಡನ ಹೆಸರು ಹೇಳುವಾಗ ಗಂಟಲು ಕಟ್ಟಿತು ಅಂತ ಐದನೇ ಪ್ಯಾರಾದಲ್ಲಿ ಒಂದು ಸಾಲು ಇತ್ತು. ನಾನು ಕೊಟ್ಟ ಹೆಡ್‌ಲೈನ್: ‘ಪತಿಯ ನೆನೆದು ಕಣ್ಣೀರಿಟ್ಟ ಅಭ್ಯರ್ಥಿ’. ಪಕ್ಕದಲ್ಲೇ ಎದುರಾಳಿಯ ಸುದ್ದಿ: ‘ನೀರಿನ ಸಮಸ್ಯೆಗೆ ಶಾಶ್ವತ ಪರಿಹಾರ’. ಮರುದಿನ ವರದಿಗಾರ್ತಿ ಫೋನ್ ಮಾಡಿದಳು. “ಮೇಡಂ, ನಾನು ಬರೆದದ್ದು ಆಸ್ಪತ್ರೆ ಬಗ್ಗೆ ಅಲ್ವಾ?” ಅಂದಳು. ಅಷ್ಟೇ ಅಂದಿದ್ದು. ನನಗೆ ಉತ್ತರ ಸಿಗಲಿಲ್ಲ.

ನಾನೂ ಹೆಣ್ಣೇ. ಆದರೂ ಹಾಗೆ ಬರೆದೆ. ಆ ಹೊತ್ತಲ್ಲಿ ಕೈಗೆ ಬಂದದ್ದು ಅದೇ, ಏಕೆಂದರೆ ಅಂಥ ಹೆಡ್‌ಲೈನ್‌ಗಳನ್ನು ಓದಿಕೊಂಡೇ ಬೆಳೆದಿದ್ದೆ. ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡರೆ ಸಾಕು, ಸುದ್ದಿ ತಾನಾಗಿ ಸರಿಹೋಗುತ್ತದೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಅವರನ್ನು ತೆಗೆದುಕೊಳ್ಳಬೇಕು, ಖಂಡಿತ. ಆದರೆ ಈ ಕಣ್ಣು ಹುಟ್ಟಿನಿಂದ ಬರುವುದಿಲ್ಲ. ಕಲಿಯಬೇಕು.

ಈ ಕಣ್ಣೀರಿನ ಕಥೆ ತುಂಬಾ ಹಳೆಯದು. 1960ರಲ್ಲಿ ಸಿರಿಮಾವೊ ಬಂಡಾರನಾಯಕೆ ಲಂಕೆಯಲ್ಲಿ ಪಕ್ಷವನ್ನು ಗೆಲ್ಲಿಸಿ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದರು. ಹಿಂದಿನ ವರ್ಷವಷ್ಟೇ ಅವರ ಗಂಡನ ಹತ್ಯೆಯಾಗಿತ್ತು. ಅವರಿಗೆ ಅಂಟಿದ ಹೆಸರು ‘ಅಳುವ ವಿಧವೆ’. 2017ರಲ್ಲಿ ನ್ಯೂಜಿಲೆಂಡ್‌ನ ಜಸಿಂಡಾ ಆರ್ಡರ್ನ್ ಲೇಬರ್ ಪಕ್ಷದ ನಾಯಕಿಯಾದಾಗ ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ. ಅವತ್ತೇ ಟಿವಿಯಲ್ಲಿ ಅವರಿಗೆ ಮಕ್ಕಳ ಬಗ್ಗೆ ಪ್ರಶ್ನೆ ಬಂತು. ತಾನೇ ಈ ವಿಷಯ ಮೊದಲು ಮಾತಾಡಿದ್ದರಿಂದ ತನ್ನನ್ನು ಕೇಳಿದರೆ ಬೇಸರವಿಲ್ಲ ಅಂದರು ಜಸಿಂಡಾ. ಆದರೆ ಕೆಲಸಕ್ಕೆ ಹೋಗುವ ಬೇರೆ ಹೆಂಗಸರು ಇದಕ್ಕೆ ಉತ್ತರ ಕೊಡಬೇಕು ಅನ್ನುವುದನ್ನು ಒಪ್ಪಲು ಸಾಧ್ಯವಿಲ್ಲ ಅನ್ನುವುದು ಅವರ ನಿಲುವು. ತರಬೇತಿಯಲ್ಲಿ ಈ ಪ್ರಸಂಗ ಹೇಳಿ, ಇದೇ ಪ್ರಶ್ನೆಯನ್ನು ಗಂಡಸು ಅಭ್ಯರ್ಥಿಗೆ ಕೇಳಿದಂತೆ ಜೋರಾಗಿ ಓದಿ ಅನ್ನುತ್ತೇನೆ. ಓದುತ್ತಾ ಓದುತ್ತಾ ಅವರೇ ಅರ್ಧಕ್ಕೆ ನಿಲ್ಲಿಸುತ್ತಾರೆ.

ನಮ್ಮ ಭಾಷೆಯ ಕ್ರಿಯಾಪದಗಳನ್ನೇ ನೋಡಿ. ಗಂಡಸು ಅಭ್ಯರ್ಥಿಗಳು ‘ಗುಡುಗುತ್ತಾರೆ’, ‘ಸವಾಲು ಹಾಕುತ್ತಾರೆ’, ‘ಭರವಸೆ ನೀಡುತ್ತಾರೆ’. ಹೆಂಗಸರು ‘ಕಿಡಿಕಾರುತ್ತಾರೆ’, ‘ಗದ್ಗದಿತರಾಗುತ್ತಾರೆ’, ‘ಸೆರಗೊಡ್ಡಿ ಬೇಡುತ್ತಾರೆ’. ಅವರು ಖಡಕ್, ಇವರು ಗಯ್ಯಾಳಿ. ‘ಗಟ್ಟಿಗಿತ್ತಿ’ ಅನ್ನುವುದು ಹೊಗಳಿಕೆಯೇ, ಆದರೆ ಅದರ ಒಳಗೆ ‘ಹೆಂಗಸಾದರೂ’ ಅನ್ನುವ ಮಾತು ಸುಮ್ನೆ ಕೂತಿರುತ್ತದೆ. ಇನ್ನು ಇಂಥವರ ಸೊಸೆ, ಇಂಥವರ ಮಗಳು ಅನ್ನುವ ಪರಿಚಯ. ಸಂಬಂಧದಿಂದಲೇ ಟಿಕೆಟ್ ಸಿಕ್ಕಿದ್ದರೆ ಅದನ್ನು ಬರೆಯಲೇಬೇಕು. ಮಗನಿಗೂ ಅಳಿಯನಿಗೂ ಅದೇ ಅಳತೆ ಇರಬೇಕು, ಅಷ್ಟೇ ನಾನು ಕೇಳುವುದು.

ಚೆನ್ನಾಗಿ ಕಾಣುತ್ತಾರೆ ಅಂತ ಬರೆದರೆ ಏನು ತಪ್ಪು, ಒಳ್ಳೆಯದನ್ನೇ ಬರೆದೆವಲ್ಲ ಅಂತ ಬಹಳ ಜನ ಕೇಳುತ್ತಾರೆ. 2013ರಲ್ಲಿ ಅಮೆರಿಕದಲ್ಲಿ ವಿಮೆನ್ಸ್ ಮೀಡಿಯಾ ಸೆಂಟರ್ ಮತ್ತು ಜೊತೆಗಾರ ಸಂಸ್ಥೆಗಳು ಮತದಾರರ ನಡುವೆ ಇದನ್ನು ಪರೀಕ್ಷೆ ಮಾಡಿಸಿದವು. ಮಹಿಳಾ ಅಭ್ಯರ್ಥಿಯ ರೂಪ, ಉಡುಪಿನ ಬಗ್ಗೆ ಹೊಗಳಿ ಬರೆದರೂ, ತೆಗಳಿ ಬರೆದರೂ, ಸುಮ್ಮನೆ ವರ್ಣಿಸಿದರೂ ಆಕೆಗೆ ಬೆಂಬಲ ಕಡಿಮೆಯಾಯಿತು. ಆಕೆ ಅದನ್ನು ಎದುರಿಸಿ ಮಾತಾಡಿದಾಗ ಕಳೆದುಕೊಂಡದ್ದು ಸ್ವಲ್ಪ ವಾಪಸ್ ಬಂತು. ಒಂದು ವಾಕ್ಯ ಮತ ಕಳೆಯಬಲ್ಲದು ಅಂದರೆ ಅದು ಅಂಕಿ ತಪ್ಪು ಬರೆದಷ್ಟೇ ದೊಡ್ಡ ವಿಷಯ. ನಾವು ಅದನ್ನು ಹಾಗೆ ನೋಡುತ್ತಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಲಿಂಗಸೂಕ್ಷ್ಮ ಅಂದರೆ ಹೆಣ್ಣುಮಕ್ಕಳ ಬಗ್ಗೆ ಮೆತ್ತಗೆ ಬರೆಯುವುದು ಅಂತ. ಖಂಡಿತ ಅಲ್ಲ. ಆಕೆಯ ಆಸ್ತಿ ವಿವರ ಕೇಳಿ. ಬಜೆಟ್ ಬಗ್ಗೆ ಕೇಳಿ. ಹಿಂದೆ ಕೊಟ್ಟ ಮಾತು ಏನಾಯಿತು ಅಂತ ಬೆನ್ನು ಬಿಡದೆ ಕೇಳಿ. ಮನೆ, ಅಡುಗೆ, ಗಂಡನ ಬೆಂಬಲ ಅಂತ ಕೇಳಿಕೊಂಡು ಬಂದರೆ ಆಕೆ ಕಷ್ಟದ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುತ್ತಾಳೆ. ಅದು ಓದುಗರಿಗೆ ಆಗುವ ಮೋಸ.

ಹಾಗಾದರೆ ತರಬೇತಿ ಹೇಗಿರಬೇಕು? ಭಾಷಣ ಕಡಿಮೆ, ಎಣಿಕೆ ಜಾಸ್ತಿ. ಜಾಗತಿಕ ಮಾಧ್ಯಮ ನಿಗಾ ಯೋಜನೆ 1995ರಿಂದ ಐದು ವರ್ಷಕ್ಕೊಮ್ಮೆ ಹಲವು ದೇಶಗಳ ಸುದ್ದಿ ಎಣಿಸುತ್ತದೆ. ಸುದ್ದಿಯಲ್ಲಿ ಕಾಣುವ, ಮಾತಾಡುವ ಜನರಲ್ಲಿ ಹೆಂಗಸರು ಆಗ ಶೇ 17 ಇದ್ದರು. 2020ರಲ್ಲಿ ಶೇ 25. ಇಪ್ಪತ್ತೈದು ವರ್ಷಕ್ಕೆ ಎಂಟು ಅಂಕ! ಇನ್ನೊಂದು ಕಡೆ, 2017ರಲ್ಲಿ ಬಿಬಿಸಿಯ ಒಂದೇ ಕಾರ್ಯಕ್ರಮದ ತಂಡ ದಿನಾ ಪ್ರಸಾರ ಮುಗಿದ ಮೇಲೆ ಯಾರು ಯಾರು ಮಾತಾಡಿದರು ಅಂತ ತಾನೇ ಎಣಿಸಲು ಶುರು ಮಾಡಿತು. ಮೊದಲು ಶೇ 39 ಹೆಂಗಸರು. ನಾಲ್ಕು ತಿಂಗಳಲ್ಲಿ ಅರ್ಧಕ್ಕರ್ಧ. ತಮ್ಮ ಕೈಯಲ್ಲಿರುವುದನ್ನು ಮಾತ್ರ ಎಣಿಸಿದರು: ಯಾವ ತಜ್ಞರನ್ನು ಕರೆದೆವು, ಯಾವ ವರದಿಗಾರರನ್ನು ತೋರಿಸಿದೆವು. ಚುನಾವಣೆಯಲ್ಲಿ ಅಭ್ಯರ್ಥಿ ಯಾರು ಅನ್ನುವುದು ನಮ್ಮ ಕೈಯಲ್ಲಿಲ್ಲ. ಫಲಿತಾಂಶದ ದಿನ ಚರ್ಚೆಗೆ ಯಾರಿಗೆ ಫೋನ್ ಮಾಡುತ್ತೇವೆ ಅನ್ನುವುದು ನಮ್ಮ ಕೈಯಲ್ಲೇ ಇದೆ. ಫೋನಿನಲ್ಲಿ ನಂಬರ್ ಇಲ್ಲ ಅಂದರೆ ಇವತ್ತಿನಿಂದ ಹುಡುಕಿ ಸೇರಿಸಿಕೊಳ್ಳಬೇಕು. ಫಲಿತಾಂಶದ ಬೆಳಿಗ್ಗೆ ಹುಡುಕಿದರೆ ಸಿಗುವುದಿಲ್ಲ.

ಬೈಗುಳದ ವಿಷಯ ಬಿಡಲು ಆಗುವುದಿಲ್ಲ. 2016ರಲ್ಲಿ ಹಲವು ದೇಶಗಳ ಸಂಸತ್ತುಗಳ ಸಂಘಟನೆಯಾದ ಅಂತರ-ಸಂಸದೀಯ ಒಕ್ಕೂಟ 39 ದೇಶಗಳ 55 ಸಂಸದೆಯರನ್ನು ಮಾತಾಡಿಸಿತು. ಶೇ 81.8ರಷ್ಟು ಮಂದಿ ಮಾನಸಿಕ ಹಿಂಸೆ ಅನುಭವಿಸಿದ್ದರು. ಕೊಲೆ, ಅತ್ಯಾಚಾರ, ಹೊಡೆತ ಅಥವಾ ಅಪಹರಣದ ಬೆದರಿಕೆ ಬಂದವರು ಶೇ 44.4. ವೇದಿಕೆಯ ಮೇಲೆ ಯಾರೋ ಮಹಿಳಾ ಅಭ್ಯರ್ಥಿಯೊಬ್ಬರನ್ನು ಕೀಳಾಗಿ ಬೈದ ಅಂದುಕೊಳ್ಳಿ. ಆ ಮಾತನ್ನೇ ದಪ್ಪ ಅಕ್ಷರದಲ್ಲಿ ಹಾಕಿದರೆ ಸಾವಿರ ಜನ ಕೇಳಿದ್ದನ್ನು ನಾವು ಲಕ್ಷ ಜನಕ್ಕೆ ಕೇಳಿಸಿದ ಹಾಗೆ. ಬೈದವನ ಹೆಸರು ಇರಲಿ, ಪಕ್ಷ ಏನು ಕ್ರಮ ಕೈಗೊಂಡಿತು ಅನ್ನುವುದಿರಲಿ, ದೂರು ದಾಖಲಾಯಿತಾ ಅನ್ನುವುದಿರಲಿ. ಆ ಪದ ಹೆಡ್‌ಲೈನ್‌ನಲ್ಲಿ ಬೇಡ. ಇದನ್ನೂ ರಾತ್ರಿ ಹೊತ್ತು ತೀರ್ಮಾನ ಮಾಡುವುದು ಡೆಸ್ಕ್.

ಮುಂದಿನ ಕಾರ್ಯಾಗಾರಕ್ಕೆ ಕರೆದವರಿಗೆ ನಾನು ಎರಡು ಷರತ್ತು ಹೇಳಿದ್ದೇನೆ. ಒಬ್ಬ ವರದಿಗಾರ ಬಂದರೆ ಅದೇ ಸಂಸ್ಥೆಯ ಒಬ್ಬ ಸುದ್ದಿ ಸಂಪಾದಕರೂ ಜೊತೆಗೆ ಬರಬೇಕು, ಊಟದವರೆಗೆ ಮಾತ್ರ ಅಲ್ಲ, ಸಂಜೆವರೆಗೂ ಇರಬೇಕು. ಮತ್ತೆ, ಕಳೆದ ಚುನಾವಣೆಯ ಕೊನೆಯ ಎರಡು ವಾರದ ತಮ್ಮದೇ ಪುಟಗಳನ್ನು ತರಬೇಕು. ಕೆಂಪು ಪೆನ್ನು ನಾನು ಕೊಡುತ್ತೇನೆ. ಮೊದಲ ಗೆರೆ ಎಳೆಯಲು ಆ ‘ಕಣ್ಣೀರಿಟ್ಟ ಅಭ್ಯರ್ಥಿ’ ಇರುವ ಪುಟವನ್ನೂ ತೆಗೆದುಕೊಂಡು ಹೋಗುತ್ತಿದ್ದೇನೆ.