ಹೋದ ಪುಟ್ಟ, ಬಂದ ಪುಟ್ಟ, ಉಪಾಧ್ಯಕ್ಷ ಪುಟ್ಟ

ದಕ್ಷಿಣ ಸುಡಾನಿನ ರಾಜಧಾನಿ ಜುಬಾದ ಕೋರ್ಟಿನಲ್ಲಿ ಡಾಕ್ಟರ್ ರಿಯೆಕ್ ಮಚಾರ್ ಅವರನ್ನು ಕಬ್ಬಿಣದ ಸರಳುಗಳ ಹಿಂದೆ ಕೂರಿಸಿದ್ದು ಕಂಡು ಯಾರೂ ಕಣ್ಣೀರು ಹಾಕಬೇಕಿಲ್ಲ. ಕೊಲೆ, ದೇಶದ್ರೋಹ, ಮಾನವೀಯತೆಯ ವಿರುದ್ಧದ ಅಪರಾಧ, ಆರೋಪಗಳೇನೋ ಭಾರೀ ಇವೆ. ಆದರೂ ಮಚಾರ್ ಅವರನ್ನು ಅಧ್ಯಕ್ಷ ಸಾಲ್ವಾ ಕೀರ್ ಉಪಾಧ್ಯಕ್ಷ ಹುದ್ದೆಯಿಂದ ಅಮಾನತು ಮಾಡಿದ್ದಾರಷ್ಟೇ, ವಜಾ ಮಾಡಿಲ್ಲ. ಕೀರ್ ಅನುಭವಸ್ಥರು. ಈ ಮನುಷ್ಯ ಮತ್ತೆ ಬರುತ್ತಾರೆಂದು ಅವರಿಗೆ ಗೊತ್ತು.

ಸಾಹೇಬರ ಬಯೋಡಾಟಾ ಹಾಗಿದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಪಿಎಚ್‌ಡಿ. 1991ರಲ್ಲಿ ನಾಸಿರ್ ಎಂಬ ಊರಿನಲ್ಲಿ ಕೂತು ತಮ್ಮ ಬಂಡುಕೋರ ಪಡೆಯ ನಾಯಕ ಜಾನ್ ಗರಾಂಗ್ ಪದಚ್ಯುತರಾದರೆಂದು ಘೋಷಿಸಿದರು. ಗರಾಂಗ್ ಜಪ್ಪಯ್ಯ ಅನ್ನಲಿಲ್ಲ. 1997ರಲ್ಲಿ, ಸುಡಾನಿನ ಯಾವ ಖಾರ್ತೂಮ್ ಸರ್ಕಾರದ ಮೇಲೆ ಬಂದೂಕು ಎತ್ತಿದ್ದರೋ ಅದರ ಜೊತೆಗೇ ಒಪ್ಪಂದ, ಹುದ್ದೆ. 2002ರಲ್ಲಿ ವಾಪಸ್ ಗರಾಂಗ್ ಪಾಳಯಕ್ಕೆ. 2011ರಲ್ಲಿ ದಕ್ಷಿಣ ಸುಡಾನ್ ಹುಟ್ಟಿತು, ಇವರು ಉಪಾಧ್ಯಕ್ಷ. 2013ರಲ್ಲಿ ವಜಾ, ಆಮೇಲೆ ಯುದ್ಧ. 2016ರಲ್ಲಿ ಮತ್ತೆ ಉಪಾಧ್ಯಕ್ಷ.

ಆ ಸಲದ ಆಗಮನ ಒಂದು ವಾರ ತಡವಾಯಿತು. ಮಳೆಗಾಳಿ ಏನಿಲ್ಲ. ಬೆಂಗಾವಲಿನವರು ಎಷ್ಟು ಮೆಷಿನ್ ಗನ್, ಎಷ್ಟು ರಾಕೆಟ್ ಲಾಂಚರ್ ತರಬಹುದು ಅಂತ ಚೌಕಾಸಿ ಮುಗಿದಿರಲಿಲ್ಲ. ಕೊನೆಗೆ ಬಂದರು. ಜುಲೈ 8ರಂದು ಕೀರ್, ಮಚಾರ್ ಇಬ್ಬರೂ ಅಧ್ಯಕ್ಷರ ಅರಮನೆಯೊಳಗೆ ಪತ್ರಕರ್ತರ ಮುಂದೆ ಕೂತಿದ್ದಾಗ ಹೊರಗಡೆ ಇಬ್ಬರ ಅಂಗರಕ್ಷಕರೂ ಪರಸ್ಪರ ಗುಂಡು ಹಾರಿಸತೊಡಗಿದರು. ಮರುದಿನ ಸ್ವಾತಂತ್ರ್ಯ ದಿನ. ದುಡ್ಡಿಲ್ಲವೆಂದು ಆ ವರ್ಷದ ಆಚರಣೆಯನ್ನು ಮೊದಲೇ ರದ್ದು ಮಾಡಿದ್ದರು. ಮದ್ದುಗುಂಡಿಗೆ ಮಾತ್ರ ಬಜೆಟ್ ಇತ್ತು. ಡಾಕ್ಟರು ಕಾಡು ಹಿಡಿದು ನಡೆದೇ ಕಾಂಗೋ ಸೇರಿದರು.

ಇಷ್ಟೆಲ್ಲ ಛಲ ಎಲ್ಲಿಂದ ಬಂತು ಅನ್ನುವವರಿಗೆ ಒಂದು ಕೋಲಿನ ಕಥೆ ಇದೆ. ಮಚಾರ್ ಅವರ ಬುಡಕಟ್ಟಾದ ನುಯೆರ್ ಜನರ ಕಾಲಜ್ಞಾನಿ ನ್ಗುಂಡೆಂಗ್ 1906ರಲ್ಲೇ ತೀರಿಕೊಂಡವರು. ಎಡಗೈಯ, ಹಲ್ಲುಸಂದಿನ ನಾಯಕನೊಬ್ಬ ಬಂದು ಆಳುತ್ತಾನೆಂದು ಅವರು ನುಡಿದಿದ್ದರಂತೆ. ಮಚಾರ್ ಎಡಚರು. ಹಲ್ಲುಸಂದೂ ಇದೆ. ಬ್ರಿಟಿಷರು ಹೊತ್ತೊಯ್ದಿದ್ದ ಆ ಕಾಲಜ್ಞಾನಿಯ ಕೋಲು 2009ರಲ್ಲಿ ಜುಬಾಕ್ಕೆ ಮರಳಿದಾಗ ಅದನ್ನು ಬರಮಾಡಿಕೊಂಡವರು ಯಾರು ಅಂತೀರಿ? ಕಾಲಜ್ಞಾನದಲ್ಲಿ ‘ಉಪ’ ಅನ್ನುವ ಎರಡಕ್ಷರ ಬಿಟ್ಟುಹೋಗಿತ್ತು, ಅಷ್ಟೇ.

ಕೀರ್, ಮಚಾರ್ ನಡುವಿನ 2018ರ ಶಾಂತಿ ಒಪ್ಪಂದವಂತೂ ಔದಾರ್ಯದ ಪರಮಾವಧಿ. ಒಬ್ಬ ಉಪಾಧ್ಯಕ್ಷನಿಂದ ಜಗಳ ಬಂತಲ್ಲ, ಐವರು ಉಪಾಧ್ಯಕ್ಷರನ್ನು ಮಾಡಿದರು! 35 ಮಂತ್ರಿಗಳು, 550 ಸಂಸದರು. ಅಂದು ಪದಚ್ಯುತರೆಂದು ಇವರು ಸಾರಿದ್ದ ಗರಾಂಗ್ ಅವರ ಪತ್ನಿ ರೆಬೆಕ್ಕಾ ಕೂಡ ಆ ಐವರಲ್ಲೊಬ್ಬರು. 2019ರಲ್ಲಿ 82 ವರ್ಷದ ಪೋಪ್ ಫ್ರಾನ್ಸಿಸ್ ಮಂಡಿಯೂರಿ ಈ ನಾಯಕರ ಬೂಟುಗಳಿಗೆ ಮುತ್ತಿಟ್ಟು ಶಾಂತಿಗಾಗಿ ಬೇಡಿಕೊಂಡರು. ಬೂಟಿಗೆ ಒಳ್ಳೇ ಪಾಲಿಶ್ ಆಯಿತು.

ನಗು ಇಲ್ಲಿಗೆ ಸಾಕು. 1991ರ ಆ ಒಡಕಿನ ಬೆನ್ನಿಗೇ ಬೋರ್ ಎಂಬಲ್ಲಿ ಮಚಾರ್ ಪಡೆ ಗರಾಂಗ್, ಕೀರ್ ಅವರ ಬುಡಕಟ್ಟಾದ ಡಿಂಕಾ ಜನರನ್ನು ಸಾವಿರಗಟ್ಟಲೆ ಕೊಂದಿತು. 2013ರ ಡಿಸೆಂಬರ್‌ನಲ್ಲಿ ಕೀರ್ ಪಡೆಗಳು ಜುಬಾದಲ್ಲಿ ನುಯೆರ್ ಜನರನ್ನು ಮನೆಮನೆ ಹುಡುಕಿ ಕೊಂದವು. ಆ ಯುದ್ಧಕ್ಕೆ ಸುಮಾರು 4 ಲಕ್ಷ ಜೀವ ಹೋಯಿತೆಂಬ ಅಂದಾಜಿದೆ. ನೆಲದಡಿ ಎಣ್ಣೆ ಇರುವ ದೇಶದಲ್ಲಿ ಮೇಷ್ಟ್ರಿಗೆ, ನರ್ಸಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ದೇಶ ಹುಟ್ಟಿದ ಮೇಲೆ ಸಾರ್ವತ್ರಿಕ ಚುನಾವಣೆ ಮುಂದೂಡುತ್ತಲೇ ಬಂದು, 2024ರ ಡಿಸೆಂಬರ್‌ನದ್ದನ್ನೂ 2026ಕ್ಕೆ ತಳ್ಳಿದರು. ತಯಾರಿಗೆ ಸಮಯ ಸಾಲಲಿಲ್ಲವಂತೆ. ಥೂ.