ಲಂಗ ಅಡ್ಡ ಬಂತು, ಸ್ವಾಮಿ

ಮಂಜುಗಡ್ಡೆಯ ಮೇಲೆ ಜಾರುವುದಕ್ಕೂ ಮರ್ಯಾದೆಯ ಕ್ರಮವೊಂದಿದೆ ಎಂದು ಆಲ್ಪ್ಸ್ ಬೆಟ್ಟಗಳಿಗೆ ಪಾಠ ಹೇಳಿದವರು ಇಂಗ್ಲಿಷ್ ಪ್ರವಾಸಿಗಳು. 1864ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೋರಿಟ್ಸ್‌ನ ಹೋಟೆಲ್ ಮಾಲೀಕ ಯೋಹಾನೆಸ್ ಬಾಡ್ರುಟ್ ಬೇಸಗೆಯ ಅತಿಥಿಗಳಿಗೆ ಪಂಥ ಕಟ್ಟಿದನಂತೆ: ಚಳಿಗಾಲದಲ್ಲೂ ಬನ್ನಿ, ಹಿಡಿಸದಿದ್ದರೆ ದಾರಿಖರ್ಚು ನನ್ನದು. ಮರುವರ್ಷದಿಂದ ಅದೇ ದೇಶದ ದಾವೋಸ್‌ಗೆ ಚಳಿಗಾಲದಲ್ಲೇ ಕ್ಷಯರೋಗಿಗಳು ಬರತೊಡಗಿದರು. ಕ್ರಮೇಣ ರೋಗಿಗಳು ಬಾಲ್ಕನಿಯಲ್ಲಿ ಕಂಬಳಿ ಹೊದ್ದು ಮಲಗುವುದು, ಗಟ್ಟಿಮುಟ್ಟಾದವರು ಕೆಳಗೆ ಜಾರಿ ಬಿದ್ದು ಮೈಕೈ ನೋಯಿಸಿಕೊಳ್ಳುವುದು ಆ ಊರಿನ ದಿನಚರಿಯಾಯಿತು. ವೈದ್ಯರಿಗೆ ಎರಡೂ ಕಡೆಯಿಂದ ಗಿರಾಕಿಗಳು.

ಆಗಿನ ಇಂಗ್ಲಿಷ್ ಶೈಲಿಯ ಸ್ಕೇಟಿಂಗ್ ನೋಡುವಂಥದ್ದು. ಮಂಜುಗಡ್ಡೆಯ ನಡುವೆ ಒಂದು ಕಿತ್ತಳೆ ಹಣ್ಣು. ಅದರ ಸುತ್ತ ನಾಲ್ವರು ಗೃಹಸ್ಥರು. ಬೆನ್ನು ನೆಟ್ಟಗೆ, ಕೈಗಳು ಮೈಗಂಟಿಕೊಂಡು, ಕೆಲಸವಿಲ್ಲದ ಕಾಲು ಇನ್ನೊಂದು ಕಾಲಿನ ಪಕ್ಕದಲ್ಲೇ. ಒಬ್ಬ ಕೂಗಿ ಹೇಳಿದಂತೆ ಎಲ್ಲರೂ ಏಕಕಾಲಕ್ಕೆ ತಿರುಗಬೇಕು, ಹಣ್ಣಿನತ್ತ ಬರಬೇಕು, ದೂರ ಸರಿಯಬೇಕು. ಮುಖದಲ್ಲಿ ಸಂತೋಷ ಕಂಡರೆ ಬಹುಶಃ ಅಂಕ ಕಳೆಯುತ್ತಿದ್ದರು. ಅತ್ತ ಅಮೆರಿಕದ ಸ್ಕೇಟರ್ ಜಾಕ್ಸನ್ ಹೇನ್ಸ್ 1860ರ ದಶಕದಲ್ಲಿ ಯುರೋಪಿಗೆ ಬಂದು ಸಂಗೀತಕ್ಕೆ ತಕ್ಕಂತೆ ಕೈಬೀಸಿ ಕುಣಿದ; ವಿಯೆನ್ನಾ ಮರುಳಾಯಿತು. ಕಿತ್ತಳೆಯ ಭಕ್ತರು ಮಾತ್ರ ಮೂಗು ಮುರಿದರು.

ಆದರೆ ಗಾಂಭೀರ್ಯದ ನಿಜವಾದ ಪರೀಕ್ಷೆ ಬಂದದ್ದು 1902ರಲ್ಲಿ, ಲಂಡನ್ನಿನಲ್ಲಿ ನಡೆದ ವಿಶ್ವ ಸ್ಕೇಟಿಂಗ್ ಚಾಂಪಿಯನ್‌ಶಿಪ್‌ನಲ್ಲಿ. ಮ್ಯಾಜ್ ಸೈಯರ್ಸ್ ಎಂಬ ಇಂಗ್ಲಿಷ್ ಮಹಿಳೆ ಹೆಸರು ಕೊಟ್ಟರು. ನಿಯಮ ಪುಸ್ತಕ ಹುಡುಕಿದರೆ ಹೆಂಗಸರು ಬರಬಾರದು ಎಂಬ ಸಾಲೇ ಇಲ್ಲ! ಬರೆಯುವ ಅಗತ್ಯವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ. ಆಕೆ ಸ್ಪರ್ಧಿಸಿದ್ದಷ್ಟೇ ಅಲ್ಲ, ಸ್ವೀಡನ್ನಿನ ಉಲ್ರಿಕ್ ಸಾಲ್ಕೋ ಒಬ್ಬನನ್ನು ಬಿಟ್ಟು ಉಳಿದ ಗಂಡಸರನ್ನೆಲ್ಲ ಹಿಂದಿಕ್ಕಿದರು.

ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸುಮ್ಮನಿರುತ್ತದೆಯೇ? 1903ರಲ್ಲಿ ಸಭೆ ಸೇರಿ ಮಹಿಳೆಯರಿಗೆ ಬಾಗಿಲು ಹಾಕಿತು. ಕೊಟ್ಟ ಕಾರಣಗಳು ಚಿನ್ನದ ಚೌಕಟ್ಟು ಹಾಕಿಸಿ ಇಡುವಂಥವು. ಉದ್ದನೆಯ ಲಂಗದಿಂದಾಗಿ ತೀರ್ಪುಗಾರರಿಗೆ ಪಾದ ಕಾಣುವುದಿಲ್ಲ ಎಂಬುದು ಮೊದಲನೆಯದು. ಹಿಂದಿನ ವರ್ಷ ಎರಡನೆಯ ಸ್ಥಾನ ಕೊಟ್ಟಾಗ ಏನು ನೋಡಿ ಕೊಟ್ಟರೋ! ತೀರ್ಪುಗಾರ ತನಗೆ ಮನಸ್ಸಿರುವ ಹುಡುಗಿಗೇ ಅಂಕ ಹಾಕಬೇಕಾಗಿ ಬರಬಹುದು ಎಂಬುದು ಇನ್ನೊಂದು. ರೋಗ ತೀರ್ಪುಗಾರನಿಗೆ, ಪಥ್ಯ ಸ್ಪರ್ಧಿಗೆ. ಹೆಂಗಸರನ್ನು ಗಂಡಸರ ಜೊತೆ ಹೋಲಿಸುವುದು ಕಷ್ಟ ಎಂಬುದು ಮತ್ತೊಂದು. ಆ ಕಷ್ಟವನ್ನು ಲಂಡನ್ನಿನಲ್ಲಿ ಒಮ್ಮೆ ಪಟ್ಟು ನೋಡಿದ ಮೇಲೆಯೇ ಅದು ಎಷ್ಟು ದೊಡ್ಡ ಕಷ್ಟವೆಂದು ಅರಿವಾಗಿರಬೇಕು.

ಮ್ಯಾಜ್ ಮೀನಖಂಡದವರೆಗಿನ ಗಿಡ್ಡ ಲಂಗ ತೊಟ್ಟೇ ಜಾರುತ್ತಿದ್ದರು. ಮೊದಲ ಕಾರಣ ಅಲ್ಲಿಗೆ ಮುಗಿಯಬೇಕಿತ್ತು. ಬ್ರಿಟಿಷ್ ಚಾಂಪಿಯನ್‌ಶಿಪ್‌ನಲ್ಲಿ ಇಂಥ ತಡೆಯಿರಲಿಲ್ಲವಾಗಿ 1903ರಲ್ಲಿ ಅದನ್ನು ಗೆದ್ದರು. 1904ರಲ್ಲಿ ಮತ್ತೆ ಗೆದ್ದಾಗ ಸೋತವರು ಸ್ವತಃ ಪತಿ ಎಡ್ಗರ್. ಹೋಲಿಕೆ ಕಷ್ಟ ಎಂದು ಆ ಮನೆಯಲ್ಲಿ ಯಾರಾದರೂ ಹೇಳಿದ್ದರೆ ಅದು ಎಡ್ಗರ್ ಮಾತ್ರ.

ಕೊನೆಗೆ ಒಕ್ಕೂಟ ಒಂದು ಉಪಾಯ ಕಂಡುಕೊಂಡಿತು: ಹೆಂಗಸರಿಗೇ ಬೇರೆ ಸ್ಪರ್ಧೆ. 1906ರ ಜನವರಿಯಲ್ಲಿ ದಾವೋಸ್‌ನ ಮಂಜಿನ ಮೇಲೆ ಅದು ಮೊದಲ ಬಾರಿಗೆ ನಡೆಯಿತು. ಗೆದ್ದವರು ಮ್ಯಾಜ್. ಮರುವರ್ಷವೂ ಅವರೇ. 1908ರಲ್ಲಿ ಒಲಿಂಪಿಕ್ ಚಿನ್ನವೂ ಸಿಕ್ಕಿತು. ಆದರೆ ವಿಶ್ವ ಚಾಂಪಿಯನ್ ಎಂಬ ಬಿರುದು ಗಂಡಸರಿಗೆ ಮೀಸಲು. ಹೆಂಗಸರದು ಬರೀ 'ಒಕ್ಕೂಟದ ಚಾಂಪಿಯನ್‌ಶಿಪ್'. ಮಹಿಳೆಯರ ಸ್ಪರ್ಧೆಗೆ 'ವಿಶ್ವ' ಸೇರಲು 1924 ಬರಬೇಕಾಯಿತು. ಆಮೇಲೆ ಹಳೆಯ ವಿಜೇತರಿಗೂ ಪೂರ್ವಾನ್ವಯವಾಗಿ ಆ ಗೌರವ ದೊರೆಯಿತು. ಮ್ಯಾಜ್ ತೀರಿಕೊಂಡದ್ದು 1917ರಲ್ಲಿ. ಪಾದ ಕಾಣುತ್ತಿಲ್ಲ ಎಂದು ಈ ಸಲ ಯಾರೂ ತಕರಾರು ಎತ್ತಲಿಲ್ಲ.