ಕುಣಿಕೆಯೊಳಗಿನ ಮನುಷ್ಯ

ಸಲಹಾ ಸಂಸ್ಥೆ ಡೆಲಾಯ್ಟ್‌ನವರು ಆಸ್ಟ್ರೇಲಿಯಾ ಸರ್ಕಾರಕ್ಕೆ ಕೊನೆಯ ಕಂತಿನ ದುಡ್ಡು ವಾಪಸ್ ಕೊಟ್ಟರಲ್ಲ, ಎಂಥ ದೊಡ್ಡ ಮನಸ್ಸು! 4 ಲಕ್ಷ 40 ಸಾವಿರ ಆಸ್ಟ್ರೇಲಿಯನ್ ಡಾಲರಿನ, ಎಐ ನೆರವಿನಿಂದ ಬರೆದ ವರದಿ ಅದು, ನಮ್ಮ ಲೆಕ್ಕದಲ್ಲಿ ಎರಡೂವರೆ ಕೋಟಿ ರೂಪಾಯಿಯ ಆಸುಪಾಸು. ಒಳಗೆ ಯಾರೂ ಬರೆಯದ ಪುಸ್ತಕಗಳು, ಯಾವ ನ್ಯಾಯಾಧೀಶರೂ ಆಡದ ಮಾತು. ಮದುವೆ ಊಟದ ಸಾರಿಗೆ ಉಪ್ಪಿನ ಬದಲು ಅಡುಗೆ ಸೋಡಾ ಸುರಿದ ಭಟ್ಟರು, ‘ಹೋಗಲಿ, ಹಪ್ಪಳದ ದುಡ್ಡು ಬೇಡ ಬಿಡಿ’ ಅಂದ ಹಾಗಾಯಿತು.

ಪತ್ತೆ ಮಾಡಿದ್ದು ಯಾವ ಎಐ ಆಡಳಿತ ಸಮಿತಿಯೂ ಅಲ್ಲ, ಸಿಡ್ನಿ ವಿಶ್ವವಿದ್ಯಾಲಯದ ಕ್ರಿಸ್ ರಡ್ಜ್ ಎಂಬ ಸಂಶೋಧಕ. ತನಗೆ ಗೊತ್ತಿದ್ದ ಪ್ರಾಧ್ಯಾಪಕಿಯ ಹೆಸರಿನಲ್ಲಿ ತಾನೆಂದೂ ಕೇಳದ ಪುಸ್ತಕ ಕಂಡಿತು, ಅನುಮಾನ ಬಂತು. ಅವರು ಬಳಸಿದ ತಂತ್ರಜ್ಞಾನ ಅಷ್ಟೇ. 2025ರ ಅಕ್ಟೋಬರಿನಲ್ಲಿ ತಿದ್ದಿದ ಪ್ರತಿ ಬಂತು. ಇಲ್ಲದ ಪುಸ್ತಕಗಳೂ ನ್ಯಾಯಾಧೀಶರ ಬಾಯಿಗೆ ತುರುಕಿದ ಮಾತೂ ಹೋದವು. ಜಿಪಿಟಿ-4ಒ ಎಂಬ ಎಐ ಬಳಸಿದ್ದೇವೆ ಎಂಬ ಸಾಲೊಂದು ಸೇರಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲೂ ಒಂದು ಶಿಸ್ತಿದೆ. ಶಿಫಾರಸುಗಳು ಮಾತ್ರ ಇದ್ದ ಹಾಗೇ ಇವೆಯಂತೆ. ಕಂಬ ಕಿತ್ತರೂ ಚಾವಣಿ ಅಲ್ಲಾಡಲಿಲ್ಲ ಅಂದರೆ, ಆ ಚಾವಣಿ ಮೊದಲಿಂದಲೂ ಯಾವುದರ ಮೇಲೆ ನಿಂತಿತ್ತೋ!

ಇಂಥದ್ದೊಂದು ಸುದ್ದಿ ಬಂದರೆ ಸಾಕು, ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಸಮಿತಿ ಹುಟ್ಟುತ್ತದೆ. ಲೀಗಲ್‌ನಿಂದ ಒಬ್ಬರು, ಸೆಕ್ಯೂರಿಟಿಯಿಂದ ಒಬ್ಬರು, ಎಚ್‌ಆರ್, ಖರೀದಿ ವಿಭಾಗ. ದಿನಾ ಕೂತು ಎಐಗೆ ಟೈಪ್ ಮಾಡುವವನೊಬ್ಬನನ್ನು ಬಿಟ್ಟು ಎಲ್ಲರೂ ಇರುತ್ತಾರೆ. ನಲವತ್ತು ಪುಟದ ನೀತಿ ಬರುತ್ತದೆ, ‘ಜವಾಬ್ದಾರಿಯುತ’ ಎಂಬ ಪದ ಪುಟಕ್ಕೆ ಮೂರು ಸಲ. ನೀತಿಯ ಕರಡನ್ನು ಯಾರಿಂದ ಬರೆಸಿದರು ಅಂತ ಕೇಳಬೇಡಿ. ಆಮೇಲೆ ಕಡ್ಡಾಯ ತರಬೇತಿ: ಇಪ್ಪತ್ತು ನಿಮಿಷದ ವಿಡಿಯೊ, ಹತ್ತು ಪ್ರಶ್ನೆ, ಎಂಟು ಸರಿ ಇದ್ದರೆ ಪಾಸು. ವಿಡಿಯೊ ಒಂದು ಟ್ಯಾಬಿನಲ್ಲಿ ಶಬ್ದವಿಲ್ಲದೆ ಓಡುತ್ತಿರುತ್ತದೆ. ಪ್ರಶ್ನೆಗಳಿಗೆ ಉತ್ತರವನ್ನು ಫೋನಿನಲ್ಲಿರುವ ಚಾಟ್‌ಬಾಟ್ ಹೇಳಿಕೊಡುತ್ತದೆ.

ಮೊದಲ ಆಜ್ಞೆ, ನಿಷೇಧ. ಕಚೇರಿಯ ಇಂಟರ್ನೆಟ್ಟಿಗೆ ಕಾವಲು ನಿಂತ ಪ್ರಾಕ್ಸಿಯಲ್ಲಿ ಚಾಟ್‌ಜಿಪಿಟಿಯ ವಿಳಾಸ ಬಂದ್. ಎಂಜಿನಿಯರುಗಳು ಕಂಪನಿಯ ಕೋಡನ್ನು ಅದಕ್ಕೆ ಉಣಿಸಿದ್ದು ಗೊತ್ತಾದ ಮೇಲೆ 2023ರ ಮೇ ತಿಂಗಳಲ್ಲಿ ಸ್ಯಾಮ್‌ಸಂಗ್ ಮಾಡಿದ್ದೂ ಇದನ್ನೇ. ಬಂದ್ ಮಾಡಿದ ಮಾತ್ರಕ್ಕೆ ಕೆಲಸ ಕಡಿಮೆಯಾಯಿತೇ? ಸಂಜೆ ಆರಕ್ಕೆ ವರದಿ ಬೇಕು ಅಂದವರು ಆರಕ್ಕೇ ಬೇಕು ಅನ್ನುತ್ತಾರೆ. ಹಾಗಾಗಿ ನೌಕರ ಜೇಬಿನಿಂದ ಫೋನ್ ತೆಗೆದು ಲ್ಯಾಪ್‌ಟಾಪಿನ ಪರದೆಯದ್ದೇ ಫೋಟೊ ಹೊಡೆಯುತ್ತಾನೆ, ತನ್ನ ಸ್ವಂತ ಖಾತೆಗೆ ಏರಿಸುತ್ತಾನೆ, ಬಂದ ಉತ್ತರವನ್ನು ನೋಡಿಕೊಂಡು ಟೈಪ್ ಮಾಡುತ್ತಾನೆ. ಮೊದಲಾದರೆ ಯಾರು, ಯಾವಾಗ, ಏನನ್ನು ಅಂಟಿಸಿದರು ಅನ್ನುವುದಕ್ಕೆ ಗಣಕದಲ್ಲಿ ಒಂದು ದಾಖಲೆ, ಅಂದರೆ ಲಾಗ್, ಇರುತ್ತಿತ್ತು. ಈಗ ಮಾಹಿತಿಯೂ ಹೊರಗೆ, ಲಾಗೂ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ‘ಎಐ ಬಳಕೆ: ಸೊನ್ನೆ’ ಅಂತ ಹಸಿರು ದೀಪ. ಆ ದೀಪಕ್ಕೆ ಯಾರೋ ಬೋನಸ್ ತೆಗೆದುಕೊಳ್ಳುತ್ತಾರೆ.

ಮಾಹಿತಿ ಸೋರದಂತೆ ಕಾಯುವ ತಂತ್ರಾಂಶದ ಕಥೆ ಇನ್ನೂ ಚೆನ್ನ. ವಿಷಯಾಂತರ ಅನ್ನಿಸಿದರೂ ಹೇಳಿಬಿಡುತ್ತೇನೆ. ಅದಕ್ಕೆ ಕೊಟ್ಟಿರುವ ನಿಯಮ ಇಷ್ಟು: ಹನ್ನೆರಡು ಅಂಕಿ ಒಟ್ಟಿಗೆ ಕಂಡರೆ ಆಧಾರ್, ಐದು ಅಕ್ಷರ ನಾಲ್ಕು ಅಂಕಿ ಒಂದು ಅಕ್ಷರ ಕಂಡರೆ ಪ್ಯಾನ್, ಎರಡನ್ನೂ ತಡೆ. ಆದರೆ ಆಧಾರ್ ಕಾರ್ಡಿನಲ್ಲೇ ಅಂಕಿಗಳನ್ನು ನಾಲ್ಕು ನಾಲ್ಕಾಗಿ ಬಿಡಿಸಿ ಅಚ್ಚು ಹಾಕಿರುತ್ತಾರೆ. ನಡುವಿನ ಖಾಲಿ ಜಾಗವನ್ನು ನಿಯಮದಲ್ಲಿ ಬರೆಯಲು ಮರೆತಿದ್ದರೆ ನಂಬರು ಸಲೀಸಾಗಿ ದಾಟುತ್ತದೆ. 0ಯಿಂದ 9 ಅಂತ ಮಾತ್ರ ಬರೆದ ನಿಯಮಕ್ಕೆ ೧, ೨, ೩ ಅಂಕಿಗಳೇ ಅಲ್ಲ, ಯಾವುದೋ ಚಿತ್ತಾರ. ಕನ್ನಡದಲ್ಲಿರುವ ಹೆಸರು, ತಂದೆಯ ಹೆಸರು, ಸರ್ವೆ ನಂಬರು, ಕಾಯಿಲೆ ಯಾವುದೂ ಅದರ ಕಣ್ಣಿಗೆ ಬೀಳುವುದಿಲ್ಲ. ಪಹಣಿಯ ಫೋಟೊ ಹಾಕಿದರೆ ಅಕ್ಷರ ಓದುವ ಸೌಲಭ್ಯಕ್ಕೆ ಪ್ರತ್ಯೇಕ ಲೈಸೆನ್ಸು, ಅದನ್ನು ಕೊಂಡಿರುವುದಿಲ್ಲ. ಅತ್ತ ಹನ್ನೆರಡು ಅಂಕಿಯ ಇನ್‌ವಾಯ್ಸ್ ನಂಬರು ಹಾಕಿದ ಪಾಪದ ಅಕೌಂಟ್ಸ್ ಹುಡುಗಿಗೆ ಎಚ್ಚರಿಕೆಯ ಮೇಲ್! ನಾಲ್ಕು ದೂರು ಬಂದ ಮೇಲೆ ಇಡೀ ಅಕೌಂಟ್ಸ್ ವಿಭಾಗಕ್ಕೇ ವಿನಾಯಿತಿ. ಕನ್ನಡ ಬೆಳೆಸಿ ಅನ್ನುವವರು ಗಮನಿಸಬೇಕು, ಕಾರ್ಪೊರೇಟ್ ಕಣ್ಗಾವಲಿನಿಂದ ಪಾರಾಗಲು ಇವತ್ತಿಗೂ ಇದೇ ಒಳ್ಳೆಯ ಭಾಷೆ.

ಇನ್ನು ಮುಕುಟಮಣಿಗೆ ಬರೋಣ. ಪ್ರತಿ ನೀತಿಯಲ್ಲೂ ಒಂದು ಮಂತ್ರ ಇದ್ದೇ ಇರುತ್ತದೆ, ‘ಹ್ಯೂಮನ್ ಇನ್ ದ ಲೂಪ್’. ಯಂತ್ರ ಬರೆದದ್ದನ್ನು ಮನುಷ್ಯ ನೋಡಿ ಒಪ್ಪಬೇಕು. ಲೂಪ್ ಅಂದರೆ ಕನ್ನಡದಲ್ಲಿ ಕುಣಿಕೆ. ಅನುವಾದ ಇಷ್ಟು ಸರಿಯಾಗಿ ಕೂರುವುದು ಅಪರೂಪ. ಪಕ್ಕದಲ್ಲೇ ಇನ್ನೊಂದು ಕಲಮು: ‘ಔಟ್‌ಪುಟ್‌ನ ನಿಖರತೆಗೆ ಬಳಕೆದಾರರೇ ಸಂಪೂರ್ಣ ಹೊಣೆ.’

ಲೆಕ್ಕ ಹಾಕಿ. ಒಬ್ಬ ಪರಿಶೀಲಕನ ಮುಂದೆ ದಿನಕ್ಕೆ 120 ದಾಖಲೆ, ಎಂಟು ಗಂಟೆ. ಊಟ, ಚಹಾ ಎಲ್ಲ ಬಿಟ್ಟು ಕೂತರೂ ದಾಖಲೆಗೆ ನಾಲ್ಕು ನಿಮಿಷ. ಒಂದೊಂದರಲ್ಲಿ 15 ಉಲ್ಲೇಖ ಇದ್ದರೆ ಉಲ್ಲೇಖಕ್ಕೆ 16 ಸೆಕೆಂಡು, ಉಳಿದದ್ದನ್ನು ಓದುವುದೇ ಬೇಡ. ಪುಸ್ತಕ ಇದೆಯೇ, ಲೇಖಕರು ಅವರೇ ಹೌದೇ, ಹೇಳಿದ ಪುಟದಲ್ಲಿ ಹೇಳಿದ ಮಾತು ಇದೆಯೇ ಅಂತ ತೆರೆದು ನೋಡಲು ಏನಿಲ್ಲವೆಂದರೂ ಐದು ನಿಮಿಷ ಬೇಕು. ಹಾಗೆ ಮಾಡಿದರೆ ದಿನಕ್ಕೆ ಆರು ದಾಖಲೆ. ಆರು ಅಂದರೆ ಮ್ಯಾನೇಜರು ಕೇಳುತ್ತಾರೆ, ‘ಹಾಗಾದರೆ ಎಐ ತಂದು ಏನು ಉಪಯೋಗ ಆಯ್ತು?’ ಪ್ರೆಸೆಂಟೇಶನ್ನಿನಲ್ಲಿ ಉಳಿತಾಯ ಅಂತ ತೋರಿಸಿದ್ದು ಈ ಪರಿಶೀಲನೆಯ ಸಮಯವನ್ನೇ ಅಂತ ಅವರಿಗೆ ಹೇಳುವವರಾರು? ಪರಿಶೀಲಕ ‘ನೋಡಿದೆ’ ಬಟನ್ ಒತ್ತುತ್ತಾನೆ. ನಮ್ಮ ಕಚೇರಿಗಳಲ್ಲಿ ಕಡತ ಬಿಚ್ಚದೆಯೇ ಟಿಪ್ಪಣಿಯ ಕೆಳಗೆ ಸಹಿ ಗೀಚುವ ಕಲೆಯನ್ನು ತಲೆಮಾರುಗಳಿಂದ ಬೆಳೆಸಿದ್ದೇವೆ, ಅದಕ್ಕೀಗ ಅಮೆರಿಕದ ಹೆಸರು ಸಿಕ್ಕಿದೆ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ 2024ರ ಡಿಸೆಂಬರ್ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳು ಬಂದು, ಕೊನೆಗೆ ಆದೇಶವನ್ನೇ ಹಿಂದಕ್ಕೆ ಪಡೆದದ್ದು ನೆನಪಿರಬಹುದು. ಅವನ್ನು ಸೇರಿಸಿದ್ದು ಯಂತ್ರವೋ ಮನುಷ್ಯನೋ ಏನಾದರೂ ಇರಲಿ, ಸಹಿಗೆ ಮುಂಚೆ ತೀರ್ಪಿನ ಪ್ರತಿ ತೆರೆದಿದ್ದರೆ ಅಲ್ಲೇ ಮುಗಿಯುತ್ತಿತ್ತು.

ನಲವತ್ತು ಪುಟ ಬೇಕಿಲ್ಲ ಸ್ವಾಮಿ. ಒಪ್ಪಿಗೆ ಇರುವ ಒಂದು ಒಳ್ಳೆಯ ಟೂಲನ್ನು ದುಡ್ಡು ಕೊಟ್ಟು ತಂದುಕೊಡಿ, ಫೋನಿನ ಕಳ್ಳಾಟ ಅರ್ಧ ನಿಲ್ಲುತ್ತದೆ. ಯಾವ ದಾಖಲೆಗೆ ಯಾವ ಟೂಲು, ಏನು ಕೇಳಿದರು, ಯಾವ ಉಲ್ಲೇಖವನ್ನು ಯಾರು ತೆರೆದು ನೋಡಿದರು ಅಂತ ಒಂದು ರಿಜಿಸ್ಟರ್ ಇಡಿ. ನೋಡಲು ಬೇಕಾದ ಗಂಟೆಗಳನ್ನು ಬಿಲ್ಲಿನಲ್ಲೇ ತೋರಿಸಿ. ಮಾಡುವುದಿಲ್ಲ. ಯಾಕೆಂದರೆ ಆಗ ಹೊಣೆ ಯಾರದೆಂದು ಕಾಗದದ ಮೇಲೆ ಬಂದುಬಿಡುತ್ತದೆ.

ವಿಮಾನ ಕಂಪನಿ ಏರ್ ಕೆನಡಾದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಚಾಟ್‌ಬಾಟ್ ಗ್ರಾಹಕನಿಗೆ ತಪ್ಪು ಹೇಳಿದ್ದಕ್ಕೆ ಚಾಟ್‌ಬಾಟೇ ಹೊಣೆ ಎಂಬ ಧಾಟಿಯಲ್ಲಿ ವಾದಿಸಿದ್ದರು. 2024ರಲ್ಲಿ ಕೆನಡಾದ ನ್ಯಾಯಮಂಡಳಿ ಒಪ್ಪಲಿಲ್ಲ.

ಆ ಆಸ್ಟ್ರೇಲಿಯಾ ವರದಿ ಯಾವುದರ ಬಗ್ಗೆ ಇತ್ತು ಗೊತ್ತಲ್ಲ? ನಿರುದ್ಯೋಗ ಭತ್ಯೆ ಪಡೆಯುವವರು ಹೇಳಿದ ಭೇಟಿಗೆ ಹೋಗದಿದ್ದರೆ, ಕೊಡಬೇಕಾದ ಲೆಕ್ಕ ಕೊಡದಿದ್ದರೆ, ಡಿಮೆರಿಟ್ ಅಂಕ ಹಾಕಿ ದುಡ್ಡು ತಡೆಹಿಡಿಯುವ ಗಣಕ ವ್ಯವಸ್ಥೆಯ ಬಗ್ಗೆ. ಅಲ್ಲಿ ತಪ್ಪಿದವನ ಬಾಡಿಗೆ ದುಡ್ಡು ನಿಲ್ಲುತ್ತದೆ, ತಿದ್ದಿದ ಪ್ರತಿ ತರುತ್ತೇನೆ ಅಂದರೆ ಯಾರೂ ಕೇಳುವುದಿಲ್ಲ. ಅವನ ತಪ್ಪು ಎಣಿಸುವ ಯಂತ್ರವನ್ನು ಪರೀಕ್ಷಿಸಲು ಬಂದವರು ಇಲ್ಲದ ಪುಸ್ತಕಗಳ ಪಟ್ಟಿ ಕೊಟ್ಟು, ಒಂದು ಕಂತು ಬಿಟ್ಟು ಉಳಿದದ್ದನ್ನು ಜೇಬಿಗಿಳಿಸಿದರು. ಇದಕ್ಕೆ ನಗೆಚಾಟಿಕೆ ಹುಡುಕಿ ಸಾಕಾಯಿತು.